ಅಕ್ಕನ ಫಿಡಲ್, ತಮ್ಮನ ಗಿಟಾರ್: ಕೌಬಾಯ್ ಹಾಡನ್ನು ಉಳಿಸುತ್ತಿರುವುದು ಯಾರು?

ಬ್ರಿಜಿಡ್ ರೀಡಿ ಮತ್ತು ಜಾನಿ ರೀಡಿ ಅಮೆರಿಕದ ಮೊಂಟಾನಾ ರಾಜ್ಯದ ಅಕ್ಕ-ತಮ್ಮ. ಅಕ್ಕ ಫಿಡಲ್ (ಜಾನಪದ ಶೈಲಿಯ ಪಿಟೀಲು) ನುಡಿಸುತ್ತಾರೆ, ಹಾಡುತ್ತಾರೆ, ಯೋಡಲಿಂಗ್ (ದನಿಯನ್ನು ತಗ್ಗು-ಎತ್ತರದ ಸ್ವರಗಳ ನಡುವೆ ಸರಕ್ಕನೆ ಜಿಗಿಸುವ ಹಾಡಿಕೆ) ಮಾಡುತ್ತಾರೆ, ಕವಿತೆ ಬರೆದು ಕಾಗದ ನೋಡದೆ ಹೇಳುತ್ತಾರೆ. ತಮ್ಮನ ಕೈಯಲ್ಲಿ ಗಿಟಾರ್, ವೇದಿಕೆಯಲ್ಲಿ ಅವರ ಹೆಸರೇ ಜಾನಿ 'ಗಿಟಾರ್' ರೀಡಿ. ಇಬ್ಬರೂ ರಾಂಚ್ (ದನ ಸಾಕುವ ದೊಡ್ಡ ಜಮೀನು) ಬದುಕಿನ ನಡುವೆ ಬೆಳೆದವರು, ಮಕ್ಕಳಾಗಿದ್ದಾಗಿಂದಲೇ ಕೌಬಾಯ್ ಕವಿಗಳ ಸಮ್ಮೇಳನಗಳಲ್ಲಿ ವೇದಿಕೆ ಹತ್ತಿದವರು. ಇಂಥವರ ಬಗ್ಗೆ ಸುದ್ದಿ ಬಂದಾಗಲೆಲ್ಲ ಒಂದೇ ಮಾತು: ಹಳೇ ಪರಂಪರೆಯನ್ನು ಹೊಸ ತಲೆಮಾರು ಮುಂದುವರಿಸುತ್ತಿದೆ. ಓದಿದವರಿಗೆ ಖುಷಿಯಾಗುತ್ತದೆ, ಮುಂದಿನ ಸುದ್ದಿಗೆ ಹೋಗುತ್ತಾರೆ.

ನಾನು ಅಲ್ಲೇ ಸ್ವಲ್ಪ ನಿಲ್ಲುತ್ತೇನೆ. ಕೌಬಾಯ್ ಅಂದರೆ ಕುದುರೆ ಏರಿದ ದನಗಾಹಿ. ದನದ ಹಿಂಡು ಹೊಡೆದುಕೊಂಡು ನೂರಾರು ಮೈಲಿ ಹೋಗುವ ಅವನ ಆ ಕೆಲಸ ನಿಂತು ಒಂದು ಶತಮಾನದ ಮೇಲಾಯಿತು. ಕೆಲಸ ಹೋದಮೇಲೂ ಅದರ ಹಾಡು ಉಳಿದಿದೆ ಅಂದರೆ ಅದು ಸುಮ್ನೆ ಉಳಿದದ್ದಲ್ಲ. ಒಂದೊಂದು ಕಾಲದಲ್ಲೂ ಯಾರೋ ಪಟ್ಟು ಹಿಡಿದು ಕೂತು, ದುಡ್ಡು ಹಾಕಿ, ಹೊತ್ತು ಹಾಕಿ ಉಳಿಸಿದ್ದಾರೆ. ರೀಡಿಗಳಂಥ ಒಡಹುಟ್ಟಿದವರ ಜೋಡಿಗಳು ಆ ಏರ್ಪಾಡಿನ ಎದ್ದು ಕಾಣುವ ತುದಿ. ಏರ್ಪಾಡಿನ ಉಳಿದ ಭಾಗ ಈಗ ಅಲುಗಾಡುತ್ತಿದೆ. ಅದನ್ನು ಬಿಟ್ಟು ಹುಡುಗರನ್ನಷ್ಟೇ ಹೊಗಳಿದರೆ ಅರ್ಧ ಕಥೆ ಹೇಳಿದ ಹಾಗೆ.

ಮೊದಲು ಹಿನ್ನೆಲೆ, ಬೇಗ ಮುಗಿಸುತ್ತೇನೆ. 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದಾಗ ಟೆಕ್ಸಸ್‌ನಲ್ಲಿ ದನ ಬೇಕಾದಷ್ಟಿತ್ತು, ಬೆಲೆ ಇರಲಿಲ್ಲ. ಬೆಲೆ ಇದ್ದದ್ದು ಉತ್ತರದ ಊರುಗಳಲ್ಲಿ. ರೈಲು ಹತ್ತಿಸಬೇಕೆಂದರೆ ಕ್ಯಾನ್ಸಸ್ ತನಕ ನಡೆಸಿಕೊಂಡೇ ಹೋಗಬೇಕು. ಹತ್ತು ಹನ್ನೆರಡು ಜನ ಕುದುರೆ ಮೇಲೆ, ಎರಡು ಮೂರು ಸಾವಿರ ದನ ಮುಂದೆ, ತಿಂಗಳುಗಟ್ಟಲೆ ದಾರಿ. ರಾತ್ರಿ ಹಿಂಡು ಮಲಗಿದಾಗ ಇಬ್ಬರು ಕಾವಲುಗಾರರು ಎದುರುಬದುರು ದಿಕ್ಕಿನಲ್ಲಿ ಸುತ್ತು ಹಾಕುತ್ತಾ ಮೆಲ್ಲಗೆ ಹಾಡುತ್ತಿದ್ದರು. ದನಗಳಿಗೆ ಸಂಗೀತ ಇಷ್ಟ ಅಂತಲ್ಲ. ಕತ್ತಲಲ್ಲಿ ಕುದುರೆ ಸವಾರ ಎಲ್ಲಿದ್ದಾನೆ ಅಂತ ಅವಕ್ಕೆ ಗೊತ್ತಾಗುತ್ತಿರಬೇಕು, ಇಲ್ಲದಿದ್ದರೆ ಒಂದು ಕಡ್ಡಿ ಮುರಿದ ಸದ್ದಿಗೂ ಇಡೀ ಹಿಂಡು ಬೆದರಿ ಎದ್ದು ಓಡುತ್ತದೆ, ಅಡ್ಡ ಸಿಕ್ಕ ಮನುಷ್ಯ ಉಳಿಯುವುದಿಲ್ಲ. ಹಾಡು ಅಲ್ಲಿ ಕೆಲಸದ ಸಾಮಾನು, ಹಗ್ಗ ಮತ್ತು ಜೀನಿನ ಹಾಗೆ.

ಇಷ್ಟೆಲ್ಲ ನಡೆದದ್ದು ಇಪ್ಪತ್ತು ವರ್ಷ, ಜಾಸ್ತಿ ಅಂದರೆ ಇಪ್ಪತ್ತೈದು. 1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದರು, ಬಯಲಿಗೆ ಬೇಲಿ ಬಿತ್ತು. ರೈಲು ಟೆಕ್ಸಸ್‌ಗೇ ಬಂತು. 1886-87ರ ಚಳಿಗಾಲದಲ್ಲಿ ಉತ್ತರದ ಬಯಲುಗಳಲ್ಲಿ ಲಕ್ಷಾಂತರ ದನ ಸತ್ತವು. ಆಟ ಮುಗಿಯಿತು. ಈ ಹೊತ್ತಿಗೆ ಹುಟ್ಟಿದ್ದ ಹಾಡುಗಳೂ ಪೂರ್ತಿ ಹೊಸವೇನಲ್ಲ. ಐರ್ಲೆಂಡ್, ಸ್ಕಾಟ್ಲೆಂಡ್, ಇಂಗ್ಲೆಂಡಿನ ಹಳೇ ಲಾವಣಿಗಳ ಧಾಟಿಗೆ ಹೊಸ ಮಾತು ಕೂರಿಸಿದ್ದೇ ಜಾಸ್ತಿ. ಕೆಲಸದ ವಿದ್ಯೆ ಬಂದದ್ದು ಮೆಕ್ಸಿಕೊದ ದನಗಾಹಿಗಳಿಂದ. ಸವಾರರಲ್ಲಿ ನಾಲ್ಕರಲ್ಲಿ ಒಬ್ಬರು ಕಪ್ಪು ಜನ ಅನ್ನುವುದು ಇತಿಹಾಸಕಾರರು ಸಾಮಾನ್ಯವಾಗಿ ಕೊಡುವ ಅಂದಾಜು. ಸಿನಿಮಾ ನೋಡಿ ಬೆಳೆದ ನಮಗೆ ಈ ಮುಖಗಳು ಕಂಡದ್ದೇ ಇಲ್ಲ, ಅಲ್ವಾ?

ಕೌಬಾಯ್ ಹಾಡು ಅಂದ ಕೂಡಲೇ ಎದ್ದು ಬರುವ ಒಂದು ತಕರಾರಿದೆ. ನಿಜವಾದ ಕೌಬಾಯ್ ಹಾಡಿದರೆ ಮಾತ್ರ ಅದು ಅಸಲಿ, ಮಿಕ್ಕಿದ್ದೆಲ್ಲ ವೇಷ. ಇಂದಿನ ಹುಡುಗ ಹುಡುಗಿಯರ ಮೇಲೂ ಇದೇ ಅಳತೆಗೋಲು: ನೀನು ದನ ಹಿಡಿದಿದ್ದೀಯಾ, ಕುದುರೆ ಪಳಗಿಸಿದ್ದೀಯಾ, ಇಲ್ಲಾ ಟೋಪಿ ಹಾಕಿಕೊಂಡು ಬಂದಿದ್ದೀಯಾ? ಈ ತಕರಾರು ನನಗೆ ಒಪ್ಪಿಗೆಯಿಲ್ಲ. ಕೆಲಸ ಮತ್ತು ಪ್ರದರ್ಶನ ಇಲ್ಲಿ ಮೊದಲಿನಿಂದಲೂ ಒಂದಕ್ಕೊಂದು ಹೆಣೆದುಕೊಂಡೇ ಬಂದಿವೆ. ಜ್ಯಾಕ್ ಥಾರ್ಪ್ ಅನ್ನುವವರು 1908ರಲ್ಲಿ ನ್ಯೂ ಮೆಕ್ಸಿಕೊದ ಸಣ್ಣ ಊರೊಂದರಲ್ಲಿ 23 ಹಾಡುಗಳ ಪುಟ್ಟ ಪುಸ್ತಕ ಅಚ್ಚು ಹಾಕಿಸಿದರು. ಕೌಬಾಯ್ ಹಾಡುಗಳ ಮೊದಲ ಸಂಗ್ರಹ ಅದು. ಅದರಲ್ಲಿ ತಾವೇ ಬರೆದ ಕೆಲವು ಹಾಡುಗಳನ್ನೂ ಹೆಸರು ಹಾಕದೆ ಸೇರಿಸಿಬಿಟ್ಟಿದ್ದರು, ಜನ ಅವನ್ನೂ ಜಾನಪದ ಅಂತಲೇ ಹಾಡಿದರು! ಎರಡು ವರ್ಷದ ಮೇಲೆ ಜಾನ್ ಲೋಮ್ಯಾಕ್ಸ್ ತಮ್ಮ ದೊಡ್ಡ ಸಂಗ್ರಹ ತಂದರು. ಅದರ ಅತಿ ಪ್ರಸಿದ್ಧ ಹಾಡೊಂದು ತಮಗೆ ಸಿಕ್ಕಿದ್ದು ಸ್ಯಾನ್ ಆಂಟೋನಿಯೋದಲ್ಲಿ ಹೆಂಡದಂಗಡಿ ಇಟ್ಟಿದ್ದ ಒಬ್ಬ ಕಪ್ಪು ಮನುಷ್ಯನಿಂದ ಅಂತ ಅವರೇ ಹೇಳಿಕೊಂಡಿದ್ದಾರೆ.

ಆಮೇಲೆ ರೇಡಿಯೋ ಬಂತು. 1930ರ ದಶಕದಲ್ಲಿ ಶಿಕಾಗೋದ ಡಬ್ಲ್ಯುಎಲ್‌ಎಸ್ ಕೇಂದ್ರದಲ್ಲಿ ಡಾಲಿ ಗುಡ್, ಮಿಲಿ ಗುಡ್ ಅನ್ನುವ ಅಕ್ಕ-ತಂಗಿ ಹಾಡುತ್ತಿದ್ದರು. ತಂಡದ ಹೆಸರು 'ಗರ್ಲ್ಸ್ ಆಫ್ ದಿ ಗೋಲ್ಡನ್ ವೆಸ್ಟ್'. ಟೆಕ್ಸಸ್‌ನ ಮ್ಯೂಲ್‌ಶೂ ಊರಿನವರು ಅಂತ ಪ್ರಚಾರ. ನಿಜ ಏನೆಂದರೆ ಅವರು ಇಲಿನಾಯ್ ರಾಜ್ಯದವರು, ಮನೆತನದ ಹೆಸರು 'ಗೋಡ್', ಅದನ್ನು ಗುಡ್ ಅಂತ ಬದಲಾಯಿಸಿಕೊಂಡಿದ್ದರು. ಊರು ಸುಳ್ಳು, ಹೆಸರು ಅರ್ಧ ಸುಳ್ಳು, ಆದರೆ ಇಬ್ಬರೂ ಒಟ್ಟಿಗೆ ಯೋಡಲ್ ಮಾಡಿದಾಗ ಎರಡು ಗಂಟಲು ಒಂದೇ ಅನಿಸುತ್ತಿತ್ತು, ಆಮೇಲೆ ಬಂದ ಹಾಡುಗಾರ್ತಿಯರು ಅದನ್ನು ಕೇಳಿಯೇ ಕಲಿತರು. ಅದೇ ಹೊತ್ತಿಗೆ ಹ್ಯೂ ಫಾರ್ ಮತ್ತು ಕಾರ್ಲ್ ಫಾರ್ ಅನ್ನುವ ಟೆಕ್ಸಸ್ ಅಣ್ಣತಮ್ಮಂದಿರು 'ಸನ್ಸ್ ಆಫ್ ದಿ ಪಯೋನಿಯರ್ಸ್' ಅನ್ನುವ ಕೌಬಾಯ್ ಹಾಡಿನ ತಂಡ ಸೇರಿದರು. ಒಬ್ಬರದು ಫಿಡಲ್, ಇನ್ನೊಬ್ಬರದು ಗಿಟಾರ್. ರೀಡಿ ಅಕ್ಕ-ತಮ್ಮನ ಜೋಡಿ ಇವತ್ತಿನ ಹೊಸ ಐಡಿಯಾ ಅಲ್ಲ ಅಂತ ತೋರಿಸಲು ಇಷ್ಟು ಸಾಕು.

ಹಾಗಾದರೆ ಈ ಸಂಗೀತದಲ್ಲಿ ಒಡಹುಟ್ಟಿದವರು ಯಾಕೆ ಇಷ್ಟು ಜಾಸ್ತಿ? ಒಂದು ಕಾರಣ ಕಿವಿಗೇ ಗೊತ್ತಾಗುತ್ತದೆ. ಒಂದೇ ಮನೆಯಲ್ಲಿ ಬೆಳೆದವರ ಗಂಟಲಿನ ಅಚ್ಚು ಹತ್ತಿರ ಹತ್ತಿರ ಇರುತ್ತದೆ. ಅದಕ್ಕಿಂತ ಮುಖ್ಯ, ಇಬ್ಬರೂ ಸ್ವರಗಳನ್ನು ಒಂದೇ ರೀತಿ ಎಳೆಯುತ್ತಾರೆ, ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅಂತ ಕಣ್ಣಲ್ಲೇ ಹೇಳುತ್ತಾರೆ. ಬೇರೆ ಬೇರೆ ಊರಿನ ಇಬ್ಬರು ವರ್ಷಗಟ್ಟಲೆ ಅಭ್ಯಾಸ ಮಾಡಿ ಪಡೆಯಬೇಕಾದ್ದು ಇವರಿಗೆ ಊಟದ ಮೇಜಿನಲ್ಲೇ ಸಿಕ್ಕಿರುತ್ತದೆ. ಇನ್ನೊಂದು ಕಾರಣ ಭೂಗೋಳ. ಮೊಂಟಾನಾ, ವ್ಯೋಮಿಂಗ್, ನೆವಾಡದಲ್ಲಿ ರಾಂಚ್ ಅಂದರೆ ಪಕ್ಕದ ಮನೆಗೇ ಮೈಲಿಗಟ್ಟಲೆ ದೂರ. ಬ್ಯಾಂಡ್ ಕಟ್ಟೋಣ ಅಂದರೆ ಯಾರ ಜೊತೆ? ಇರುವವಳು ಅಕ್ಕ, ಇರುವವನು ತಮ್ಮ. ಮೂರನೆಯದು ಲೆಕ್ಕಾಚಾರ, ಇದನ್ನು ಹಾಡುಗಾರರು ವೇದಿಕೆಯಲ್ಲಿ ಹೇಳುವುದಿಲ್ಲ. ಸಣ್ಣ ಊರಿನ ಸಣ್ಣ ಹಾಲ್‌ನಲ್ಲಿ ಟಿಕೆಟ್ ದುಡ್ಡು ಎಷ್ಟು ಬಂದೀತು? ಐದು ಜನರ ತಂಡವಾದರೆ ಪೆಟ್ರೋಲಿಗೂ ಸಾಲದು. ಇಬ್ಬರು, ಒಂದು ಕಾರು, ಮನೆಗೆ ಹೋಗುವ ಒಂದೇ ದಾರಿ ಅಂದರೆ ಹೇಗೋ ನಡೆಯುತ್ತದೆ.

ಇಷ್ಟು ಕೇಳಿದ ಮೇಲೆ 'ನೋಡಿ, ಎಲ್ಲ ಕುಟುಂಬದಲ್ಲೇ ಇದೆ' ಅನ್ನುವವರಿಗೆ ನಾನು ಕ್ವೇಬಿ ಸಹೋದರಿಯರನ್ನು ತೋರಿಸುತ್ತೇನೆ. ಗ್ರೇಸ್, ಸೋಫಿಯಾ, ಹುಲ್ಡಾ, ಮೂವರೂ ಟೆಕ್ಸಸ್‌ನವರು. 1998ರಲ್ಲಿ ಡೆಂಟನ್ ಊರಿನ ಒಂದು ಫಿಡಲ್ ಸ್ಪರ್ಧೆ ನೋಡಿ, ನಮಗೂ ಇದು ಬೇಕು ಅಂದರು. ಆಗ ಮೂವರೂ ಚಿಕ್ಕ ಹುಡುಗಿಯರು. ಅವರನ್ನು ತಿದ್ದಿದ್ದು ಜೋಯಿ ಮಕೆಂಜಿ ಅನ್ನುವ ಹೊರಗಿನ ಗುರು, ಸ್ವತಃ ಫಿಡಲ್ ಚಾಂಪಿಯನ್. ಅವರೇ ಮುಂದೆ ತಂಡದಲ್ಲಿ ಗಿಟಾರ್ ಹಿಡಿದು ಕೂತರು. ಮೂವರೂ ರಾಜ್ಯ, ರಾಷ್ಟ್ರ ಮಟ್ಟದ ಸ್ಪರ್ಧೆ ಗೆದ್ದರು, ಆಮೇಲೆ ಮೂರು ಫಿಡಲ್, ಮೂರು ದನಿ ಇಟ್ಟುಕೊಂಡು ಬಾಬ್ ವಿಲ್ಸ್ ಕಾಲದ ವೆಸ್ಟರ್ನ್ ಸ್ವಿಂಗ್ (ಕೌಬಾಯ್ ಹಾಡಿಗೆ ಜಾಝ್ ಬೆರೆಸಿದ ಕುಣಿತದ ಸಂಗೀತ) ನುಡಿಸಿ, ಕಂಟ್ರಿ ಸಂಗೀತದ ಹೆಸರಾಂತ ವೇದಿಕೆಯಾದ ಗ್ರ್ಯಾಂಡ್ ಓಲ್ ಆಪ್ರಿ ತನಕ ಹೋದರು. ದನಿಗಳ ಹೊಂದಾಣಿಕೆ ಮನೆಯದು ಇರಬಹುದು. ಆದರೆ ಫಿಡಲ್ ಪರಂಪರೆ ಅವರಿಗೆ ಬಂದದ್ದು ಒಬ್ಬ ಗುರುವಿನ ಕೈಯಿಂದ.

ಕವಿತೆಯ ಕಡೆ ಗುರುವಿನ ಅಗತ್ಯ ಇನ್ನೂ ಜಾಸ್ತಿ. ಕೌಬಾಯ್ ಕವಿತೆ ಅಂದರೆ ಪ್ರಾಸ ಇರುವ, ಕಥೆ ಹೇಳುವ, ಬಾಯಿಪಾಠ ಒಪ್ಪಿಸುವ ಪದ್ಯ. ಸ್ವಂತದ್ದೂ ಹೇಳಬಹುದು, ಸತ್ತು ಐವತ್ತು ವರ್ಷವಾದವರದ್ದೂ ಹೇಳಬಹುದು. ಬೇರೆಯವರದ್ದಾದರೆ ಮೊದಲು ಅವರ ಹೆಸರು ಹೇಳಿ ಶುರು ಮಾಡುವುದು ಇಲ್ಲಿಯ ಮರ್ಯಾದೆ. ಪುಸ್ತಕದಲ್ಲಿ ಪದಗಳಷ್ಟೇ ಇರುತ್ತವೆ. ಎಲ್ಲಿ ತಡೆಯಬೇಕು, ಯಾವ ಸಾಲನ್ನು ನುಂಗಬೇಕು, ಜನ ನಗುವ ತನಕ ಎಷ್ಟು ಕಾಯಬೇಕು ಅನ್ನುವುದು ಕೂತು ಕೇಳಿದವರಿಗೇ ಬರುವುದು. ಆದ್ದರಿಂದ ಒಬ್ಬ ಹಿರಿಯ ಹೋದರೆ ಈ ಲೋಕಕ್ಕೆ ಆಗುವ ನಷ್ಟ ದೊಡ್ಡದು. 2022 ಒಂದೇ ವರ್ಷದಲ್ಲಿ ಮೂವರು ಹೋದರು: ಪಶುವೈದ್ಯರಾಗಿದ್ದು ಕವಿಯಾದ ಬ್ಯಾಕ್ಸ್ಟರ್ ಬ್ಲ್ಯಾಕ್ ಜೂನ್‌ನಲ್ಲಿ, ಹಳೇ ಹಾಡುಗಳ ಭಂಡಾರವೇ ಆಗಿದ್ದ ಡಾನ್ ಎಡ್ವರ್ಡ್ಸ್ ಅಕ್ಟೋಬರ್‌ನಲ್ಲಿ, ಕೆನಡಾದ ಇಯಾನ್ ಟೈಸನ್ ಡಿಸೆಂಬರ್ ಕೊನೆಗೆ. ಇವರ ಧ್ವನಿಮುದ್ರಣಗಳು ಉಳಿದಿವೆ, ನಿಜ. ಆದರೆ ರೆಕಾರ್ಡು ನಿಮ್ಮ ತಪ್ಪು ತಿದ್ದುವುದಿಲ್ಲ.

ಕೆಲಸದ ಕಡೆಯೂ ಲೆಕ್ಕ ಇಳಿಮುಖ. ಅಮೆರಿಕದ 2022ರ ಕೃಷಿ ಗಣತಿ ಪ್ರಕಾರ ಅಲ್ಲಿಯ ರೈತರ, ರಾಂಚರ್‌ಗಳ ಸರಾಸರಿ ವಯಸ್ಸು 58.1. 2025ರ ಜನವರಿಗೆ ದೇಶದ ದನಗಳ ಸಂಖ್ಯೆ 8.67 ಕೋಟಿ, 1951ರಿಂದೀಚೆಗೆ ಇಷ್ಟು ಕಡಿಮೆ ಆಗಿರಲಿಲ್ಲ. ಮೇವಿಲ್ಲದ ಬರ, ಏರಿದ ಖರ್ಚು, ರಾಂಚ್ ವಹಿಸಿಕೊಳ್ಳಲು ಒಲ್ಲದ ಮಕ್ಕಳು. ಕೌಬಾಯ್ ಟೋಪಿಗೆ ಮಾತ್ರ ಒಳ್ಳೇ ಕಾಲ. 2018ರಲ್ಲಿ ಶುರುವಾದ 'ಯೆಲ್ಲೋಸ್ಟೋನ್' ಟೀವಿ ಸರಣಿ ಬಂದಮೇಲೆ ಮೊಂಟಾನಾ ಅಂದರೆ ಫ್ಯಾಶನ್ ಆಗಿದೆ. ದನ ಕಮ್ಮಿ, ಟೋಪಿ ಜಾಸ್ತಿ. ಇಂಥ ಹೊತ್ತಿನಲ್ಲಿ ಬೆಳೆಯುತ್ತಿರುವ ಹಾಡುಗಾರರು ರೀಡಿಗಳಂಥವರು.

ನಮ್ಮ ಕಡೆಯ ಒಂದು ಉದಾಹರಣೆ ಇಟ್ಟು ನೋಡಿದರೆ ಅಮೆರಿಕದ ಸಮಸ್ಯೆ ಇನ್ನೂ ಚೆನ್ನಾಗಿ ಕಾಣುತ್ತದೆ. ತುಮಕೂರು, ಚಿತ್ರದುರ್ಗ ಸೀಮೆಯ ಕಾಡುಗೊಲ್ಲರು ಗಣೆ ಅನ್ನುವ ಉದ್ದ ಕೊಳಲು ಊದುತ್ತಾ ಜುಂಜಪ್ಪನ ಕಾವ್ಯ ಹಾಡುತ್ತಾರೆ. ಅದೂ ದನಗಾಹಿಗಳ ಹಾಡೇ, ಜುಂಜಪ್ಪನೂ ದನ ಕಾಯ್ದ ವೀರನೇ. ಆದರೆ ಜುಂಜಪ್ಪ ದೇವರು. ಅವನ ಪೂಜೆ, ಜಾತ್ರೆ, ಹರಕೆ ಇರುವ ತನಕ ಯಾರಾದರೂ ಹಾಡಲೇಬೇಕು. ಕೌಬಾಯ್ ಹಾಡಿಗೆ ದೇವರಿಲ್ಲ, ಕುಲವಿಲ್ಲ, ಗುಡಿಯಿಲ್ಲ. ಹಾಡದಿದ್ದರೆ ಯಾರಿಗೂ ಶಾಪ ತಟ್ಟುವುದಿಲ್ಲ. ಹಾಗಾಗಿ ಅವರು ಜಾತ್ರೆಯನ್ನೇ ಕೈಯಾರೆ ಕಟ್ಟಿಕೊಳ್ಳಬೇಕಾಯಿತು.

ಕಟ್ಟಿದ್ದು 1985ರ ಜನವರಿಯಲ್ಲಿ, ನೆವಾಡ ರಾಜ್ಯದ ಎಲ್ಕೋ ಊರಿನಲ್ಲಿ, ಕೌಬಾಯ್ ಕವಿಗಳ ಸಮ್ಮೇಳನದ ರೂಪದಲ್ಲಿ. ಹಾಲ್ ಕ್ಯಾನನ್ ಮತ್ತು ಇತರ ಜಾನಪದ ತಜ್ಞರು ಪಶ್ಚಿಮದ ರಾಜ್ಯಗಳಲ್ಲಿ ಹುಡುಕಾಡಿ, ಮನೆಯಲ್ಲಿ, ಬಾರಿನಲ್ಲಿ, ಕುದುರೆ ಲಾಯದಲ್ಲಿ ಪದ್ಯ ಹೇಳುವವರನ್ನು ಪತ್ತೆ ಮಾಡಿ ಕರೆತಂದರು. ಜನವರಿ ಕೊನೆ ಯಾಕೆ ಅಂದರೆ ರಾಂಚ್‌ಗಳಲ್ಲಿ ಕೈ ಸ್ವಲ್ಪ ಬಿಡುವಾಗಿರುವುದು ಆಗಲೇ. ಶರತ್ಕಾಲದಲ್ಲಿ ದನ ಮಾರಿ ಆಗಿರುತ್ತದೆ, ಹಸು ಕರು ಹಾಕುವ ಕಾಲ ಇನ್ನೂ ಬಂದಿರುವುದಿಲ್ಲ. ತಮ್ಮ ಹಾಗೆಯೇ ಪದ್ಯ ಕಟ್ಟುವವರು ಬೇರೆ ಕಡೆಯೂ ಇದ್ದಾರೆ ಅಂತ ಎಷ್ಟೋ ಜನರಿಗೆ ಗೊತ್ತಾದದ್ದೇ ಅಲ್ಲಿ. ಮರುವರ್ಷ ಮೊಂಟಾನಾದಲ್ಲಿ, ಅದರಾಚೆ ವರ್ಷ ಟೆಕ್ಸಸ್‌ನ ಆಲ್ಪೈನ್‌ನಲ್ಲಿ ಇಂಥದೇ ಸಮ್ಮೇಳನ ಶುರುವಾದವು. 2000ದಲ್ಲಿ ಅಮೆರಿಕದ ಸೆನೆಟ್ ಎಲ್ಕೋ ಸಮ್ಮೇಳನಕ್ಕೆ 'ರಾಷ್ಟ್ರೀಯ' ಅನ್ನುವ ಮಾನ್ಯತೆ ಕೊಟ್ಟಿತು. ಮೊದಮೊದಲು ಬಿಳಿ ಗಂಡಸರದೇ ಕಾರುಬಾರು. ಆಮೇಲೆ ಹೆಂಗಸರು, ಯುರೋಪ್ ಮೂಲದ ಬಾಸ್ಕ್ ಜನಾಂಗದ ಕುರಿಗಾಹಿಗಳು, ಮೆಕ್ಸಿಕೊದ ದನಗಾಹಿಗಳು ಬಂದರು, 2020ರಲ್ಲಿ ಕಪ್ಪು ಕೌಬಾಯ್‌ಗಳಿಗೆ ವಿಶೇಷ ಜಾಗ ಕೊಟ್ಟರು. ಕೋವಿಡ್‌ನಿಂದ ಎರಡು ವರ್ಷ ಜನ ಸೇರಲಾಗಲಿಲ್ಲ. 2025ರಲ್ಲಿ ನಲವತ್ತನೆಯದು ನಡೆಯಿತು.

ಬ್ರಿಜಿಡ್ ಥರದ ಮಗು ಮೇಲೆ ಬಂದದ್ದು ಇಂಥ ಕಡೆಯಲ್ಲೇ. ಹಗಲು ವೇದಿಕೆ, ರಾತ್ರಿ ಹೋಟೆಲ್ ಪಡಸಾಲೆಯಲ್ಲಿ ಯಾರೋ ವಾದ್ಯ ತೆಗೆಯುತ್ತಾರೆ, ಇನ್ನೊಬ್ಬರು ಸೇರಿಕೊಳ್ಳುತ್ತಾರೆ, ಎಪ್ಪತ್ತರ ಅಜ್ಜನ ಪಕ್ಕ ಹತ್ತರ ಹುಡುಗಿ ಫಿಡಲ್ ಹಿಡಿದು ನಿಲ್ಲಬಹುದು. ಶಾಲೆಯಲ್ಲಿ ಇದು ಸಿಗುವುದಿಲ್ಲ, ಯೂಟ್ಯೂಬ್‌ನಲ್ಲೂ ಸಿಗುವುದಿಲ್ಲ.

ಇದಕ್ಕೆ ದುಡ್ಡು ಎಲ್ಲಿಂದ? ಟಿಕೆಟ್, ದಾನಿಗಳು, ಸದಸ್ಯತ್ವ, ಜೊತೆಗೆ ಸರ್ಕಾರದ ಕಲೆ ಮತ್ತು ಮಾನವಿಕ (ಇತಿಹಾಸ, ಸಾಹಿತ್ಯದಂಥ ವಿಷಯಗಳ) ನಿಧಿಗಳು. ಮೊದಲ ಸಮ್ಮೇಳನಕ್ಕೇ ಸರ್ಕಾರದ ಕಲಾ ನಿಧಿಯ ನೆರವು ಇತ್ತು. ನೆವಾಡದ ಕಲಾ ಮಂಡಳಿ ಗುರು-ಶಿಷ್ಯ ಯೋಜನೆಯೊಂದನ್ನು ನಡೆಸಿಕೊಂಡು ಬಂದಿದೆ, ಕಲಿಸುವ ಹಿರಿಯರಿಗೆ ಒಂದಿಷ್ಟು ಗೌರವಧನ ಸಿಗುತ್ತದೆ. ಮೊತ್ತ ದೊಡ್ಡದಲ್ಲ. ಆದರೂ ಇದು ವಾಷಿಂಗ್ಟನ್‌ನಲ್ಲಿ ನಗೆಪಾಟಲಿನ ವಿಷಯವಾಯಿತು. 2011ರ ಮಾರ್ಚ್‌ನಲ್ಲಿ ನೆವಾಡದವರೇ ಆದ ಸೆನೆಟ್ ನಾಯಕ ಹ್ಯಾರಿ ರೀಡ್ ಬಜೆಟ್ ಕಡಿತ ವಿರೋಧಿಸುತ್ತಾ ಈ ಸಮ್ಮೇಳನದ ಹೆಸರು ಎತ್ತಿದರು. ಎದುರು ಪಕ್ಷಕ್ಕೆ ಅಷ್ಟು ಸಾಕಾಯಿತು. ದೇಶ ಸಾಲದಲ್ಲಿ ಮುಳುಗಿದೆ, ಇವರಿಗೆ ಕೌಬಾಯ್ ಕವಿತೆಯ ಚಿಂತೆ ಅಂತ ತಿಂಗಳುಗಟ್ಟಲೆ ಗೇಲಿ. ತಮಾಷೆ ಏನೆಂದರೆ, ಆ ಕವಿತೆ ಕೇಳಲು ಬರುವ ರಾಂಚರ್‌ಗಳಲ್ಲಿ ಗೇಲಿ ಮಾಡಿದ ಪಕ್ಷಕ್ಕೆ ಓಟು ಹಾಕುವವರೇ ಜಾಸ್ತಿ ಇದ್ದಾರು. 2025ರ ಏಪ್ರಿಲ್‌ನಲ್ಲಿ ಮಾನವಿಕ ನಿಧಿ ಸಾವಿರಕ್ಕೂ ಹೆಚ್ಚು ಅನುದಾನಗಳನ್ನು ಒಮ್ಮೆಲೇ ರದ್ದು ಮಾಡಿತು, ರಾಜ್ಯಗಳ ಮಾನವಿಕ ಮಂಡಳಿಗಳಿಗೂ ಏಟು ಬಿತ್ತು. ಮೇ ತಿಂಗಳಲ್ಲಿ ಕಲಾ ನಿಧಿಯಿಂದಲೂ ನೂರಾರು ಅನುದಾನ ರದ್ದಾದವು. ಇದರ ವಿರುದ್ಧ ಕೆಲವರು ಕೋರ್ಟಿನಲ್ಲಿ ದಾವೆ ಹೂಡಿದರು. ಆದರೆ ಸಣ್ಣ ಊರಿನ ಸಣ್ಣ ಸಂಸ್ಥೆಗೆ ತೀರ್ಪು ಬರುವ ತನಕ ಬಾಡಿಗೆ ಕಟ್ಟುವವರು ಯಾರು? ದೊಡ್ಡ ವೇದಿಕೆ ಹೇಗೋ ದಾನಿಗಳನ್ನು ಹುಡುಕಿಕೊಳ್ಳುತ್ತದೆ. ಮೊದಲು ನಿಲ್ಲುವುದು ಹಳ್ಳಿ ಶಾಲೆಗೆ ಹೋಗಿ ಪದ್ಯ ಕಲಿಸುವ ಕಾರ್ಯಕ್ರಮ, ಅಜ್ಜನ ಪಕ್ಕ ಮಗುವನ್ನು ಕೂರಿಸುವ ಕೆಲಸ.

ಮಾರುಕಟ್ಟೆ ನೋಡಿಕೊಳ್ಳುತ್ತದೆ ಬಿಡಿ ಅನ್ನುವವರೂ ಇದ್ದಾರೆ. ಅದಕ್ಕೆ ವ್ಯೋಮಿಂಗ್‌ನ ಮನ್ಸಿಕ್ ಮನೆಯ ಕಥೆ ನೋಡಬೇಕು. ತಂದೆ ಡೇವ್, ಮಕ್ಕಳು ಟ್ರಿಸ್, ಸ್ಯಾಮ್, ಇಯಾನ್, ನಾಲ್ವರೂ ಸೇರಿ 'ಮನ್ಸಿಕ್ ಬಾಯ್ಸ್' ಅಂತ ಹಾಡುತ್ತಿದ್ದರು. ಕಿರಿಯ ಇಯಾನ್ ಕಂಟ್ರಿ ಸಂಗೀತದ ರಾಜಧಾನಿಯಾದ ನ್ಯಾಶ್‌ವಿಲ್‌ಗೆ ಹೋಗಿ, ದೊಡ್ಡ ಕಂಪನಿ ಜೊತೆ ಕರಾರು ಮಾಡಿಕೊಂಡು, ಈಗ ಕಂಟ್ರಿ ಸಂಗೀತದಲ್ಲಿ ಹೆಸರುವಾಸಿ. ಟ್ರಿಸ್ ತಮ್ಮದೇ ಬ್ಯಾಂಡ್ ಕಟ್ಟಿಕೊಂಡರು. ಇಯಾನ್ ಮಾಡಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ, ವ್ಯೋಮಿಂಗ್ ಬಗ್ಗೆಯೇ ಹಾಡುತ್ತಾರೆ, ಚೆನ್ನಾಗಿಯೂ ಹಾಡುತ್ತಾರೆ. ಆದರೆ ಮಾರುಕಟ್ಟೆ ಒಂದು ಮನೆಯಿಂದ ಒಬ್ಬರನ್ನು ಆರಿಸಿಕೊಳ್ಳುತ್ತದೆ, ಮೂರು ನಿಮಿಷದ ಹಾಡು ಕೇಳುತ್ತದೆ. ಎಂಟು ನಿಮಿಷದ ಪದ್ಯವನ್ನು ಬಾಯಿಪಾಠ ಹೇಳುವವರಿಗೆ ಅಲ್ಲಿ ಅಂಗಡಿ ಇಲ್ಲ.

ಮಕ್ಕಳ ಜೋಡಿಗೆ ಇನ್ನೊಂದು ಅಪಾಯ ಚಪ್ಪಾಳೆಯದ್ದೇ. ಎಂಟು ವರ್ಷದ ಹುಡುಗಿ ಟೋಪಿ ಹಾಕಿಕೊಂಡು ಯೋಡಲ್ ಮಾಡಿದರೆ ತಪ್ಪಿದರೂ ಜನ ಎದ್ದು ನಿಲ್ಲುತ್ತಾರೆ. ಇಪ್ಪತ್ತಾದಾಗ ಅದೇ ಜನ ಅವಳನ್ನು ಉಳಿದವರ ಸಾಲಿನಲ್ಲಿ ನಿಲ್ಲಿಸಿ ನೋಡುತ್ತಾರೆ. ಅಷ್ಟರಲ್ಲಿ ಕಾಲೇಜು, ಕೆಲಸ, ಮದುವೆ, ಒಬ್ಬರು ಒಂದು ರಾಜ್ಯ ಇನ್ನೊಬ್ಬರು ಇನ್ನೊಂದು ರಾಜ್ಯ. ಎಷ್ಟೋ ಜೋಡಿಗಳು ಇಲ್ಲೇ ಮುಗಿಯುತ್ತವೆ. ಬ್ರಿಜಿಡ್ ಮತ್ತು ಜಾನಿ ಆ ಘಟ್ಟ ದಾಟಿ ದೊಡ್ಡವರ ಸಾಲಿನ ಕಲಾವಿದರಾಗಿ ನಿಂತಿರುವುದೇ ನನಗೆ ಅವರ ಬಾಲ್ಯದ ಸಾಹಸಕ್ಕಿಂತ ದೊಡ್ಡ ಸಂಗತಿ ಅನಿಸುತ್ತದೆ. ಹಳೇ ಕೌಬಾಯ್ ಹಾಡಿನ ಪಕ್ಕದಲ್ಲೇ ಸ್ವಿಂಗ್ ನುಡಿಸುತ್ತಾರೆ, ಸ್ವಂತ ರಚನೆಯನ್ನೂ ಇಡುತ್ತಾರೆ.

ಸ್ವಂತ ರಚನೆ ಅನ್ನುವುದು ಮುಖ್ಯ. ಇದೇ ಮೊಂಟಾನಾದ ವಾಲಿ ಮಕ್ರೇ ದನ ಸಾಕುತ್ತಲೇ ಪದ್ಯ ಬರೆದರು, 1990ರಲ್ಲಿ ರಾಷ್ಟ್ರೀಯ ಪರಂಪರೆ ಫೆಲೋಶಿಪ್ ಪಡೆದ ಮೊದಲ ಕೌಬಾಯ್ ಕವಿ ಅವರು. ತಮ್ಮ ಸೀಮೆಯನ್ನು ಅಗೆಯಲು ಬಂದ ಕಲ್ಲಿದ್ದಲು ಗಣಿಗಳ ವಿರುದ್ಧ ಬರೆದರು, ಮಾತಾಡಿದರು. ಅವರ ಒಂದು ತಮಾಷೆ ಪದ್ಯವಂತೂ ಅವರ ಹೆಸರೇ ಗೊತ್ತಿಲ್ಲದವರ ಬಾಯಲ್ಲೂ ಇದೆ. 1870ರ ದಾರಿಯ ನೆನಪನ್ನೇ ಹಾಡುತ್ತಾ ಕೂತಿದ್ದರೆ ಈ ಕಾವ್ಯ ಎಂದೋ ಮ್ಯೂಸಿಯಂ ಸೇರುತ್ತಿತ್ತು. ಮಕ್ರೇಯಂಥವರು ತಮ್ಮ ಕಾಲದ ಜಗಳವನ್ನು ಅದರೊಳಗೆ ತಂದರು. ಈಗಿನವರ ಎದುರು ಬರ ಇದೆ, ಹೊರಗಿನ ಶ್ರೀಮಂತರು ಏರಿಸಿದ ಜಮೀನಿನ ಬೆಲೆ ಇದೆ, ರಾಂಚ್ ಬಿಟ್ಟು ಹೋದ ಗೆಳೆಯರಿದ್ದಾರೆ. ಆ ಪದ್ಯಗಳು ಬರಬೇಕು, ಬಂದರೆ ಅಚ್ಚಾಗಬೇಕು. ಬ್ರಿಜಿಡ್ ರೀಡಿ ಬರೆದ ಪದ್ಯವನ್ನು ಅವರ ತಮ್ಮನೂ ಅಲ್ಲದ, ನೆಂಟನೂ ಅಲ್ಲದ ಯಾವುದೋ ಊರಿನ ಹುಡುಗ ಕಲಿತು, ಮೊದಲು ಅವರ ಹೆಸರು ಹೇಳಿ ಆಮೇಲೆ ಶುರು ಮಾಡಬೇಕು. ನಾನು ಕಾಯುತ್ತಿರುವುದು ಆ ಹುಡುಗನಿಗೆ. ಅವನಿಗೆ ಅದನ್ನು ಕಲಿಸುವವರಿಗೆ ಎರಡು ಕಾಸು ಕೊಡುವ ಯೋಜನೆ ಅಷ್ಟರ ತನಕ ಇರುತ್ತದೋ ಇಲ್ಲವೋ ಅನ್ನುವುದು ಮುಂದಿನ ಒಂದೆರಡು ಬಜೆಟ್‌ಗಳಲ್ಲೇ ತೀರ್ಮಾನವಾಗುತ್ತದೆ.